ಮೂವತ್ತು ದಾಟಿದವನ ಬಟ್ಟೆಬೀರು: ಅಂಗಡಿಗೆ ಮೊದಲು ಅಳತೆಪಟ್ಟಿ

29ನೆಯ ವಯಸ್ಸಿನಲ್ಲಿ ಆರತಕ್ಷತೆಗೆಂದು ಹೊಲಿಸಿದ ಕೋಟನ್ನು ಐದು ವರ್ಷ ಬಿಟ್ಟು ತಂಗಿಯ ಮದುವೆಯ ದಿನ ಬೀರುವಿನಿಂದ ತೆಗೆದು ತೊಟ್ಟುಕೊಂಡಾಗ ಅದರ ಗುಂಡಿಯೂ ಕಾಜವೂ ಮೂರು ಬೆರಳಿನಷ್ಟು ಅಂತರ ಕಾಯ್ದುಕೊಂಡು ನಿಂತವು. ಛತ್ರಕ್ಕೆ ಹೊರಡಲು ಅರ್ಧ ಗಂಟೆ ಮಾತ್ರ ಉಳಿದಿದ್ದರಿಂದ ಕೊನೆಗೆ ಭಾವನ ಜುಬ್ಬಾ ತೊಟ್ಟು ಹೋದೆ. ಹಾಗೆಂದು ಬೀರುವಿನಲ್ಲಿ ಬಟ್ಟೆಗೇನೂ ಬರವಿರಲಿಲ್ಲ. ಕಚೇರಿಯ ಕಾರ್ಯಕ್ರಮಗಳಲ್ಲಿ ಪುಕ್ಕಟೆ ಸಿಕ್ಕ ಟೀ ಶರ್ಟುಗಳೇ ಒಂಬತ್ತಿದ್ದವು. ಮೂವತ್ತು ದಾಟಿದ ಬಹುತೇಕ ಗಂಡಸರ ಬೀರು ಹೀಗೆಯೇ ಇರುತ್ತದೆ. ಬಟ್ಟೆ ಬೇಕಾದಷ್ಟಿದ್ದರೂ ಅದೆಲ್ಲ ಈಗ ಇಲ್ಲದ ಒಂದು ಮೈಗೆ ಹೊಲಿದದ್ದಾಗಿರುತ್ತದೆ. ಆದ್ದರಿಂದ ಹೊಸದನ್ನು ಕೊಳ್ಳುವ ಉತ್ಸಾಹವನ್ನು ಒಂದೆರಡು ವಾರ ಮುಂದೂಡಿ, ಮೊದಲು ಇರುವುದನ್ನು ತೊಟ್ಟು ನೋಡುವುದು ಮತ್ತು ಮೈಯನ್ನು ಅಳೆದುಕೊಳ್ಳುವುದು ಒಳ್ಳೆಯದು.

ಒಂದು ಭಾನುವಾರ ಬೆಳಿಗ್ಗೆ ಬಟ್ಟೆಯನ್ನೆಲ್ಲ ಹಾಸಿಗೆಯ ಮೇಲೆ ಸುರಿದು ಒಂದೊಂದನ್ನೂ ತೊಟ್ಟು ನೋಡಿ. ಕೈಯಲ್ಲಿ ಹಿಡಿದು ನೋಡಿದರೆ ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ. ಶರ್ಟು ತೊಟ್ಟು ಬೈಕಿನ ಹ್ಯಾಂಡಲ್ ಹಿಡಿದವರಂತೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ. ಪ್ಯಾಂಟು ತೊಟ್ಟು ಕುಕ್ಕರಗಾಲಿನಲ್ಲಿ ಕುಳಿತು ಶೂ ಲೇಸು ಕಟ್ಟಿ. ಗುಂಡಿಗಳ ನಡುವೆ ಬಾಯಿ ಬಿಡುವ ಶರ್ಟು, ಕುಳಿತರೆ ಉಸಿರು ಕಟ್ಟುವ ಪ್ಯಾಂಟು ಈ ಒಂದೇ ನಿಮಿಷದಲ್ಲಿ ಗೊತ್ತಾಗುತ್ತವೆ. ಹಿಡಿಸದಿದ್ದರೂ ಗಟ್ಟಿಯಾಗಿರುವುದನ್ನು ಒಗೆದು ಇಸ್ತ್ರಿ ಮಾಡಿಸಿ ಬೇಕಾದವರಿಗೆ ಕೊಡಿ. ಕಾಲರು ಹರಿದದ್ದನ್ನು ದಾನದ ಹೆಸರಿನಲ್ಲಿ ಯಾರ ಮನೆಗೂ ದಾಟಿಸದೆ ಗಾಡಿ ಒರೆಸಲು ಇಟ್ಟುಕೊಳ್ಳಿ. ಎಲ್ಲಕ್ಕಿಂತ ಹಟಮಾರಿ ಗುಂಪು ‘ತೆಳ್ಳಗಾದ ಮೇಲೆ ಹಾಕಿಕೊಳ್ಳುತ್ತೇನೆ’ ಎಂದು ಎತ್ತಿಟ್ಟದ್ದು. ಅದನ್ನು ಒಂದು ಪೆಟ್ಟಿಗೆಗೆ ತುಂಬಿ, ಮೇಲೆ ದಿನಾಂಕ ಬರೆದು ಅಟ್ಟಕ್ಕೇರಿಸಿ. ವರ್ಷವಾದರೂ ಪೆಟ್ಟಿಗೆ ಇಳಿಯದಿದ್ದರೆ ಬಿಚ್ಚಿ ನೋಡದೆ ಕೊಟ್ಟುಬಿಡಿ.

ಇನ್ನು ಅಳತೆ. ಬೇರೊಬ್ಬರ ಕೈಯಲ್ಲಿ ಕೊರಳು, ಎದೆ, ಒಂದು ಹೆಗಲ ಮೂಳೆಯ ತುದಿಯಿಂದ ಇನ್ನೊಂದರ ತುದಿಯವರೆಗಿನ ಅಗಲ, ತೋಳಿನ ಉದ್ದ, ಮತ್ತು ನೀವು ನಿಜವಾಗಿ ಪ್ಯಾಂಟು ಕಟ್ಟುವ ಜಾಗದ ಸುತ್ತಳತೆಯನ್ನು ತೆಗೆಸಿಕೊಳ್ಳಿ. ಇದನ್ನು ತಿಳಿದಿದ್ದರೆ ಲೇಬಲ್ಲುಗಳು ಅರ್ಥವಾಗತೊಡಗುತ್ತವೆ. ಸಿದ್ಧ ಉಡುಪಿನ ಫಾರ್ಮಲ್ ಶರ್ಟಿನ ಮೇಲೆ 39, 40, 42 ಎಂದಿರುವುದನ್ನು ಅನೇಕರು ಎದೆಯ ಇಂಚೆಂದು ತಿಳಿದಿರುತ್ತಾರೆ. ಅದು ಸಾಮಾನ್ಯವಾಗಿ ಕಾಲರಿನ ಸುತ್ತಳತೆಯ ಸೆಂಟಿಮೀಟರು. ಪ್ಯಾಂಟಿನ ಸಂಖ್ಯೆ ಇಂಚಿನದ್ದೇ ಆದರೂ ಅದನ್ನು ನಂಬುವಂತಿಲ್ಲ, ಏಕೆಂದರೆ ಕೊಳ್ಳುವವರ ಮನಸ್ಸಿಗೆ ಹಿತವಾಗಲೆಂದು 34ರ ಲೇಬಲ್ ಹಚ್ಚಿದ ಪ್ಯಾಂಟಿನ ಸೊಂಟವನ್ನು ಅದಕ್ಕಿಂತ ದೊಡ್ಡದಾಗಿಯೇ ಕತ್ತರಿಸುವ ಕಂಪನಿಗಳಿವೆ. ಇನ್ನೊಂದು ಕಡೆ ನಾವೂ ಹೊಟ್ಟೆಯ ಕೆಳಗೆ ಪ್ಯಾಂಟು ಜಾರಿಸಿಕೊಂಡು, ಕಾಲೇಜಿನಲ್ಲಿದ್ದ 32ರಲ್ಲೇ ಇದ್ದೇವೆಂದು ಹೇಳಿಕೊಳ್ಳುತ್ತೇವೆ. ಅಂದ ಹಾಗೆ, ಭಾರತೀಯ ಗಂಡಸರಲ್ಲಿ ಹೊಟ್ಟೆಯ ಸುತ್ತಳತೆ 90 ಸೆಂಟಿಮೀಟರು ಮುಟ್ಟಿದರೆ ವೈದ್ಯರು ಅದನ್ನು ಬೊಜ್ಜೆಂದು ಎಣಿಸುತ್ತಾರೆ. ಅಳತೆಪಟ್ಟಿ ಕೈಯಲ್ಲಿರುವಾಗಲೇ ಅದನ್ನೂ ನೋಡಿಕೊಂಡರೆ ನಷ್ಟವಿಲ್ಲ.

ಶರ್ಟಿನ ವಿಷಯದಲ್ಲಿ ನಾನು ಮೊದಲು ನೋಡುವುದು ಹೆಗಲನ್ನು. ತೋಳು ಕೂಡುವ ಹೊಲಿಗೆ ಹೆಗಲ ಮೂಳೆಯ ತುದಿಗೆ ಸರಿಯಾಗಿ ಕೂರಬೇಕು. ಅದು ತೋಳಿನ ಮೇಲೆ ಇಳಿಬಿದ್ದರೆ ಅಣ್ಣನ ಶರ್ಟು ತೊಟ್ಟಂತೆ ಕಾಣುತ್ತದೆ, ಕೊರಳ ಕಡೆಗೆ ಸರಿದರೆ ಕಂಕುಳಲ್ಲಿ ಹಿಡಿಯುತ್ತದೆ. ಬದಿಗಳನ್ನು ಒಳಗೆ ಹಿಡಿಸಬಹುದು, ತೋಳನ್ನು ಗಿಡ್ಡ ಮಾಡಿಸಬಹುದು, ಆದರೆ ಹೆಗಲನ್ನು ತಿದ್ದಿಸಲು ಹೊರಟರೆ ಹೊಲಿಗೆಯ ಕೂಲಿ ಶರ್ಟಿನ ಬೆಲೆಯ ಹತ್ತಿರಕ್ಕೆ ಬರುತ್ತದೆ, ಫಲ ಮಾತ್ರ ನಿಶ್ಚಯವಿಲ್ಲ. ಕಾಲರಿನ ಗುಂಡಿ ಹಾಕಿದ ಮೇಲೆ ಒಳಗೆ ಎರಡು ಬೆರಳು ಆಡುವಷ್ಟು ಜಾಗವಿರಲಿ. ತುಂಬುತೋಳು ಮಣಿಕಟ್ಟಿನ ಮೂಳೆಯನ್ನು ಮುಚ್ಚಿ ನಿಲ್ಲಲಿ. ಇನ್‌ಶರ್ಟ್ ಮಾಡದೆ ತೊಡುವ ಶರ್ಟಿನ ಅಂಚು ಪ್ಯಾಂಟಿನ ಹಿಂಜೇಬಿನ ನಡುಮಟ್ಟಕ್ಕೆ ಬಂದರೆ ಸಾಕು, ಅದಕ್ಕಿಂತ ಉದ್ದವಿದ್ದರೆ ಆಳು ಗಿಡ್ಡವಾಗಿ ಕಾಣುತ್ತಾನೆ. ಹೊಟ್ಟೆ ಬಂದವರು ಅದನ್ನು ಮರೆಸಲು ದೊಗಳೆ ಶರ್ಟು ಕೊಳ್ಳುವುದುಂಟು. ಅದರಿಂದ ಇಡೀ ಮೈಯೇ ಹೊಟ್ಟೆಯಷ್ಟು ಅಗಲವಾಗಿ ಕಾಣುವುದರಿಂದ, ಹೆಗಲಿಗೆ ಸರಿಯಾದ ಅಳತೆ ಹಿಡಿದು ನಡುವಿನಲ್ಲಿ ಮಾತ್ರ ಸಡಿಲ ಬಿಡಿಸಿಕೊಳ್ಳುವುದು ಜಾಣತನ. ಸಿದ್ಧ ಉಡುಪಿನಲ್ಲಿ ಇದು ಸಿಗುವುದು ಕಷ್ಟ, ದರ್ಜಿಗೆ ಇದು ಐದು ನಿಮಿಷದ ಲೆಕ್ಕ.

ಹೊಲಿಸುವುದಾದರೆ ಬಟ್ಟೆಯ ಪನ್ನಾ, ಅಂದರೆ ಅಗಲ, ಎಷ್ಟೆಂದು ಕೇಳಿಯೇ ಕತ್ತರಿಸಲು ಹೇಳಿ. 58 ಇಂಚು ಪನ್ನಾದ ಬಟ್ಟೆಯಾದರೆ ತುಂಬುತೋಳಿನ ಶರ್ಟಿಗೆ ಸಾಮಾನ್ಯವಾಗಿ 1.6 ಮೀಟರ್, ಪ್ಯಾಂಟಿಗೆ 1.2ರಿಂದ 1.3 ಮೀಟರ್ ಸಾಕು; 36 ಇಂಚಿನ ಪನ್ನಾದಲ್ಲಿ ಶರ್ಟೊಂದಕ್ಕೇ ಎರಡೂಕಾಲರಿಂದ ಎರಡೂವರೆ ಮೀಟರ್ ಬೇಕಾಗುತ್ತದೆ. ಚಿಕ್ಕಪೇಟೆಯಲ್ಲಿ ಬಟ್ಟೆ ಅಗ್ಗವೆಂದು ಲೆಕ್ಕ ಹಾಕುವಾಗ ಈ ವ್ಯತ್ಯಾಸವನ್ನು ಮರೆಯಬಾರದು. ಖಾದಿ ಮತ್ತು ಕೈಮಗ್ಗದ ಹತ್ತಿಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿದ ನಂತರವೇ ದರ್ಜಿಯ ಕೈಗೆ ಕೊಡಿ, ಇಲ್ಲವಾದರೆ ಮೊದಲ ಒಗೆತಕ್ಕೆ ತೋಳು ಮೇಲೇರುತ್ತದೆ. ಖಾದಿ ಭಂಡಾರಗಳಲ್ಲಿ ಗಾಂಧಿ ಜಯಂತಿಯ ಹೊತ್ತಿಗೆ ರಿಯಾಯಿತಿ ಇರುವುದು ವಾಡಿಕೆಯಾದ್ದರಿಂದ ವರ್ಷದ ಶರ್ಟಿನ ಬಟ್ಟೆಯನ್ನು ಅಕ್ಟೋಬರಿನಲ್ಲಿ ತೆಗೆದಿಟ್ಟುಕೊಳ್ಳಬಹುದು. ಯಾವ ಬಟ್ಟೆ ಎನ್ನುವುದನ್ನು ನಿಮ್ಮ ಊರಿನ ಹವೆ ನಿರ್ಧರಿಸಲಿ. ಮಂಗಳೂರಿನ ಬೆವರಿಗೆ ತೆಳು ಹತ್ತಿ ಮತ್ತು ಲಿನನ್, ಕಲಬುರಗಿಯ ಬಿಸಿಲಿಗೆ ತಿಳಿಬಣ್ಣದ ಸಡಿಲ ಹತ್ತಿ ಸರಿಯಾದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ದಪ್ಪ ಆಕ್ಸ್‌ಫರ್ಡ್ ನೇಯ್ಗೆಯ ಶರ್ಟನ್ನೂ ವರ್ಷದ ಬಹುಕಾಲ ತೊಡಬಹುದು. ಲಿನನ್ ಸುಕ್ಕಾಗುತ್ತದೆಂದು ದೂರುವವರು ಅದನ್ನು ಕೊಳ್ಳದಿರುವುದೇ ಲೇಸು. ಸುಕ್ಕು ಅದರ ಜಾತಿಗುಣ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿ, ತಿಳಿನೀಲಿ, ಸಣ್ಣ ಗೀಟಿನದ್ದೊಂದು, ಕಡುನೀಲಿಯದ್ದೊಂದು ಇದ್ದರೆ ಅವು ಬೂದು, ಕಡುನೀಲಿ, ಖಾಕಿ ಪ್ಯಾಂಟುಗಳೆಲ್ಲದರ ಜೊತೆ ಹೊಂದುತ್ತವೆ. ಟೀ ಶರ್ಟು ಬಿಡಬೇಕಾಗಿಲ್ಲ, ಎದೆಯ ಮೇಲೆ ಕಂಪನಿಯ ಹೆಸರು ಹೊತ್ತದ್ದನ್ನು ಬಿಟ್ಟರೆ ಸಾಕು.

ಪ್ಯಾಂಟು ಬಿಗಿಯಾದೊಡನೆ ಹೊಸದನ್ನು ಕೊಳ್ಳಬೇಡಿ ಎಂದು ನನಗೆ ಕಲಿಸಿದ್ದು ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಜಾಗದಲ್ಲಿ ಆಲ್ಟರೇಶನ್ ಮಾತ್ರ ಮಾಡುವ ಒಬ್ಬ ಹಿರಿಯ ದರ್ಜಿ. ನಾನು ಕೊಟ್ಟ ಬೂದು ಪ್ಯಾಂಟನ್ನು ಅವರು ತಿರುವಿ ಹಾಕಿ, ಹಿಂಭಾಗದ ನಡುಹೊಲಿಗೆಯನ್ನು ಹೆಬ್ಬೆರಳಿನಿಂದ ಅಗಲಿಸಿ ತೋರಿಸಿದರು. ಎರಡೂ ಬದಿಗೆ ಮುಕ್ಕಾಲು ಇಂಚಿನಷ್ಟು ಬಟ್ಟೆ ಮಡಚಿಕೊಂಡು ಕುಳಿತಿತ್ತು. ಬ್ಲೇಡಿನ ಮೂಲೆಯಿಂದ ಹಳೆಯ ದಾರವನ್ನು ಒಂದೊಂದೇ ಕುಣಿಕೆಯಾಗಿ ಕಡಿದು, ಸೀಮೆಸುಣ್ಣದಲ್ಲಿ ಹೊಸ ಗೆರೆ ಎಳೆದು, ಸೊಂಟಪಟ್ಟಿಯಿಂದ ಸೀಟಿನವರೆಗೆ ಓರೆಯಾಗಿ ಹೊಲಿದರು. ಇಪ್ಪತ್ತು ನಿಮಿಷದಲ್ಲಿ ಒಂದಿಂಚು ಸೊಂಟ ಮರಳಿ ಬಂದಿತು. ಮಡಿಕೆಯಲ್ಲಿ ಅಡಗಿದ್ದ ಬಟ್ಟೆ ಬಿಸಿಲು ಕಾಣದೆ ಸ್ವಲ್ಪ ಕಡುಬಣ್ಣದಲ್ಲೇ ಉಳಿದಿದ್ದರಿಂದ ಒಂದು ಸಣ್ಣ ಗೀಟು ಕಂಡಿತಾದರೂ ಬೆಲ್ಟಿನ ಕೆಳಗೆ ಅದನ್ನು ಗಮನಿಸಿದವರಿಲ್ಲ. ಅಂದಿನಿಂದ ನಾನು ಅಂಗಡಿಯಲ್ಲಿ ಯಾವುದೇ ಪ್ಯಾಂಟನ್ನು ಮೊದಲು ಒಳಮಗ್ಗುಲಿನಿಂದ ನೋಡುತ್ತೇನೆ: ಹಿಂಹೊಲಿಗೆಯಲ್ಲಿ ಮಾರ್ಜಿನ್ ಇದೆಯೇ, ಕಾಲಿನ ಅಂಚಿನಲ್ಲಿ ಒಂದೂವರೆ ಇಂಚಾದರೂ ಮಡಿಕೆ ಬಿಟ್ಟಿದ್ದಾರೆಯೇ? ಜೀನ್ಸಿಗೆ ಈ ಸೌಲಭ್ಯವಿಲ್ಲ, ಅದರ ಹೊಲಿಗೆಗಳು ಒಂದರೊಳಗೊಂದು ಮಡಚಿ ಮುಗಿದಿರುತ್ತವೆ. ಆದ್ದರಿಂದ ಅದನ್ನು ಕೊಳ್ಳುವ ದಿನವೇ ಸೊಂಟ ಸರಿಯಿರಬೇಕು. ಬಳ್ಳಾರಿಯ ಹೊಲಿಗೆ ಘಟಕಗಳಿಂದ ಬರುವ ಹೆಸರಿಲ್ಲದ ಜೀನ್ಸ್ ಕೂಡ ದಿನಬಳಕೆಗೆ ಚೆನ್ನಾಗಿ ಬಾಳಿಕೆ ಬರುತ್ತದೆ, ಕಡುನೀಲಿಯದ್ದನ್ನು ಆರಿಸಿ, ಮಂಡಿಯಲ್ಲಿ ಹರಿದದ್ದನ್ನು ತಮ್ಮಂದಿರಿಗೆ ಬಿಡಿ. ಪ್ಯಾಂಟಿನ ತುದಿ ಶೂವಿನ ಮೇಲೆ ಒಂದೇ ಒಂದು ಸಣ್ಣ ಮಡಿಕೆ ಬೀಳುವಷ್ಟು ಉದ್ದವಿರಲಿ. ಹಿಮ್ಮಡಿಯ ಕೆಳಗೆ ಸಿಕ್ಕಿ ಸವೆಯುವ ಪ್ಯಾಂಟು ಎಷ್ಟೇ ಬೆಲೆಯದ್ದಾದರೂ ಜೋಲಾಡಿದಂತೆಯೇ ಕಾಣುತ್ತದೆ.

ಪಾದರಕ್ಷೆಗೆ ಮಾತ್ರ ಕೈಬಿಚ್ಚಿ ಖರ್ಚು ಮಾಡಿ ಎನ್ನುತ್ತೇನೆ. ಕಪ್ಪು ಲೇಸಿನ ಚರ್ಮದ ಶೂ ಒಂದು ಜೊತೆ, ಕಂದು ಬಣ್ಣದ್ದೊಂದು, ಸಾದಾ ಬಿಳಿ ಸ್ನೀಕರ್ ಒಂದು ಇದ್ದರೆ ಹಲವು ವರ್ಷ ನಡೆಯುತ್ತದೆ. ದಿನವಿಡೀ ಓಡಾಡಿ ಪಾದ ತುಸು ಊದಿಕೊಂಡಿರುವ ಸಂಜೆಯ ಹೊತ್ತಿಗೆ, ತೊಡುವ ಕಾಲುಚೀಲದೊಂದಿಗೇ ಹೋಗಿ ಕೊಳ್ಳಬೇಕು. ಬೆಳಿಗ್ಗೆ ಸರಿಹೋದದ್ದು ರಾತ್ರಿ ಕಿರುಬೆರಳನ್ನು ಹಿಂಡುತ್ತದೆ. ಚರ್ಮ ಹೀರಿದ ಬೆವರು ಆರಲು ಒಂದು ದಿನವಾದರೂ ಬೇಕಾಗುವುದರಿಂದ ಒಂದೇ ಜೊತೆಯನ್ನು ಎಡೆಬಿಡದೆ ತೊಡಬಾರದು. ಮಳೆಯಲ್ಲಿ ನೆನೆದರೆ ಒಳಗೆ ಹಳೆಯ ಪತ್ರಿಕೆ ತುರುಕಿ ಫ್ಯಾನಿನ ಗಾಳಿಗಿಡಿ, ಬಿಸಿಲಿಗಾಗಲಿ ಒಲೆಯ ಹತ್ತಿರಕ್ಕಾಗಲಿ ಇಟ್ಟರೆ ಚರ್ಮ ಬಿರಿಯುತ್ತದೆ. ಬೆಲ್ಟಿನ ಬಣ್ಣ ಶೂವಿನ ಬಣ್ಣಕ್ಕೆ ಹತ್ತಿರವಿರಲಿ, ಸೊಂಟಕ್ಕಿಂತ ಎರಡಿಂಚು ಹೆಚ್ಚಿನ ಅಳತೆ ಕೊಂಡರೆ ಕೊಂಡಿ ನಡುವಿನ ತೂತಿಗೆ ಬೀಳುತ್ತದೆ. ರಾಜ್ಯ ಸರ್ಕಾರದ ಲಿಡ್ಕರ್ ಮಳಿಗೆಗಳಲ್ಲಿ ಚರ್ಮದ ಶೂ, ಬೆಲ್ಟು ಎರಡೂ ಸಿಗುತ್ತವೆ.

ಕೋಟಿನ ಗಾಯ ನನಗಿನ್ನೂ ಮಾಸಿಲ್ಲವಾದ್ದರಿಂದ ಅದರ ಬಗ್ಗೆ ಎಚ್ಚರದ ಎರಡು ಮಾತು. ಮದುವೆಯ ಕೋಟು ಮಿರುಗುವ ಬಟ್ಟೆಯದ್ದಾಗಿರುತ್ತದೆ, ಅದನ್ನು ಇನ್ನೊಂದು ಸಂದರ್ಭಕ್ಕೆ ತೊಡುವುದು ಹೇಗೂ ಕಷ್ಟ. ಬದಲಿಗೆ ಕಡುನೀಲಿಯ, ಹೊಳಪಿಲ್ಲದ, ಒಳಗೆ ಅರ್ಧ ಮಾತ್ರ ಅಸ್ತರು ಕೊಟ್ಟ ಒಂದು ಬ್ಲೇಜರು ಹೊಲಿಸಿಕೊಂಡರೆ ಬೂದು ಪ್ಯಾಂಟಿನ ಜೊತೆ ಸಂದರ್ಶನಕ್ಕೂ, ಜೀನ್ಸಿನ ಜೊತೆ ಸಂಜೆಯ ಊಟಕ್ಕೂ ಆಗುತ್ತದೆ. ಇಲ್ಲಿಯೂ ಹೆಗಲು ಸರಿಯಿದೆಯೇ ನೋಡಿ, ಉಳಿದದ್ದನ್ನು ತಿದ್ದಿಸಬಹುದು. ಹೊಸ ಕೋಟಿನ ಹಿಂದಿನ ಸೀಳಿಗೆ ಗುಣಾಕಾರ ಚಿಹ್ನೆಯಂತೆ ಹಾಕಿರುವ ದಾರವನ್ನು ಕತ್ತರಿಸಿ ತೆಗೆಯಬೇಕು, ಅದು ಸಾಗಣೆಯಲ್ಲಿ ಸೀಳು ಕೆಡದಿರಲೆಂದು ಹಾಕಿದ್ದು. ಅದನ್ನು ಹಾಗೆಯೇ ಇಟ್ಟುಕೊಂಡು ಓಡಾಡುವ ವರರನ್ನು ಪ್ರತಿ ಲಗ್ನಸರಾಯಿಯಲ್ಲೂ ನೋಡುತ್ತೇನೆ. ಎರಡು ಗುಂಡಿಯ ಕೋಟಿನಲ್ಲಿ ಕೆಳಗಿನದನ್ನು ಹಾಕಬಾರದು, ಕುಳಿತಾಗ ಎರಡನ್ನೂ ಬಿಚ್ಚಬೇಕು.

ನಮ್ಮ ಕಡೆಯ ಸಮಾರಂಭಗಳಿಗೆ ಕೋಟಿಗಿಂತ ಒಳ್ಳೆಯ ಪಂಚೆ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದಕ್ಕೆ ಹೊಟ್ಟೆಯ ಜಗಳವೂ ಇಲ್ಲ. ಸುಮ್ಮನೆ ಸುತ್ತಿಕೊಳ್ಳಲು ನಾಲ್ಕು ಮೊಳದ್ದು ಸಾಕು, ಎರಡು ಪದರ ಬೇಕೆಂದರೆ ಎಂಟು ಮೊಳ. ಕಚ್ಚೆ ಹಾಕುವವರು ಒಂಬತ್ತು ಮೊಳದ ಪಂಚೆ, ಐದು ಮೊಳದ ಶಲ್ಯದ ಜೋಡಿಯನ್ನೇ ಕೇಳಬೇಕು, ದಪ್ಪ ಆಳಾದರೆ ಹತ್ತು ಮತ್ತು ಆರರ ಜೋಡಿ. ಹತ್ತಿಯದ್ದನ್ನು ಮೇಲುಕೋಟೆಯಿಂದ ತರಿಸಿಕೊಳ್ಳುವವರು ಇಂದಿಗೂ ಇದ್ದಾರೆ. ರೇಷ್ಮೆ ಬೇಕೆಂದರೆ 1912ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆಯ ಮಳಿಗೆಗಳಿವೆ, ಬೆಲೆಗೆ ತಕ್ಕ ಮಾಲು. ಕಟ್ಟುವ ಅಭ್ಯಾಸ ಮನೆಯಲ್ಲೇ ನಾಲ್ಕು ಸಲ ಆಗಲಿ. ವೆಲ್ಕ್ರೋ ಹಚ್ಚಿದ ಪಂಚೆಯನ್ನು ಚಿಕ್ಕ ಮಕ್ಕಳಿಗೆ ಮೀಸಲಿಡುವುದು ಚೆಂದ.

ಕೊಂಡದ್ದನ್ನು ಕಾಯುವ ಕೆಲಸ ಮುಖ್ಯವಾಗಿ ಮಳೆಗಾಲದ್ದು. ಮಲೆನಾಡು, ಕರಾವಳಿಯ ಬೀರುಗಳಲ್ಲಿ ಜುಲೈ ಹೊತ್ತಿಗೆ ಕೋಟಿನ ಕಾಲರಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ತುಸುವಾದರೂ ತೇವವಿರುವ ಬಟ್ಟೆಯನ್ನು ಒಳಗಿಡದೆ, ಬಿಸಿಲು ಬಿದ್ದ ದಿನ ಬೀರುವಿನ ಬಾಗಿಲು ತೆರೆದಿಟ್ಟು, ಹೊಸ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಮಕ್ಕಳ ಕೈಗೆಟುಕದಂತೆ ಮೇಲಿನ ಅರೆಯಲ್ಲಿ ಇಟ್ಟುಕೊಳ್ಳಿ. ಬಣ್ಣದ ಶರ್ಟನ್ನು ಒಳಮಗ್ಗುಲು ತಿರುವಿ ಒಗೆದು ನೆರಳಿನಲ್ಲಿ ಒಣಗಿಸಿ. ಕೋಟನ್ನು ತಂತಿಯ ಹ್ಯಾಂಗರಿಗೆ ತೂಗಿದರೆ ಹೆಗಲು ಕೆಡುತ್ತದೆ, ಅಗಲವಾದ ಮರದ ಹ್ಯಾಂಗರು ಬೇಕು.

ಇಷ್ಟನ್ನೂ ಒಂದೇ ಸಂಬಳದಲ್ಲಿ ಮಾಡಲು ಹೋಗಬೇಡಿ. ಮೊದಲ ತಿಂಗಳು ಆಲ್ಟರೇಶನ್, ಆಮೇಲೆ ಎರಡು ಪ್ಯಾಂಟು, ಒಂದು ಜೊತೆ ಶೂ, ಗಾಂಧಿ ಜಯಂತಿಗೆ ಶರ್ಟಿನ ಬಟ್ಟೆ, ಬ್ಲೇಜರು ಎಲ್ಲಕ್ಕಿಂತ ಕೊನೆಗೆ. ಹೊಲಿಸುವ ಪ್ರತಿಯೊಂದರಲ್ಲೂ ಒಳಗೆ ಮಾರ್ಜಿನ್ ಬಿಡಲು ದರ್ಜಿಗೆ ಬಾಯಿಬಿಟ್ಟು ಹೇಳಿ. ಅಳತೆಗಳನ್ನು ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ, ಪ್ರತಿ ಯುಗಾದಿಗೆ ಹೊಸ ಬಟ್ಟೆ ತರುವ ಮುನ್ನ ಮತ್ತೆ ಅಳೆದು ತಿದ್ದಿ. ನನ್ನ ಚೀಟಿಯಲ್ಲಿ ಸೊಂಟದ ಮುಂದೆ 33ನ್ನು ಹೊಡೆದು 34, ಅದನ್ನೂ ಹೊಡೆದು 35 ಎಂದಿದೆ. ಹೆಗಲಿನ ಅಂಕಿ ಮಾತ್ರ ಒಮ್ಮೆಯೂ ಬದಲಾಗಿಲ್ಲ.