ಶವರ್‌ನಲ್ಲಿ ನೀರೇ ಬರ್ತಿರಲಿಲ್ಲ

ಬೆಂಗಳೂರಿನ ಉತ್ತರಹಳ್ಳಿಯ ಫ್ಲ್ಯಾಟಿಗೆ ಬಂದು 8 ತಿಂಗಳಾಗಿತ್ತಷ್ಟೇ, ಶವರ್‌ನಲ್ಲಿ ನೀರು ದಾರದ ಹಾಗೆ ಇಳಿಯತೊಡಗಿತು. ಪ್ಲಂಬರ್ ಬಂದವನೇ "ಪ್ರೆಶರ್ ಪಂಪ್ ಹಾಕ್ಸಿ ಸಾರ್" ಅಂದ. ಅತ್ತೆ ಶವರ್ ಬಿಚ್ಚಿಸಿ ನೋಡಿದರೆ ತೂತುಗಳೆಲ್ಲ ಬೆಳ್ಳಗೆ ಕಟ್ಟಿಕೊಂಡಿದ್ದವು. ಬೋರ್‌ವೆಲ್ ನೀರಿನ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್.

1 ಲೀಟರ್ ಬಿಸಿನೀರಿಗೆ 2 ಚಮಚ ನಿಂಬೆಉಪ್ಪು (ಸಿಟ್ರಿಕ್ ಆಸಿಡ್) ಕದಡಿ, ರಾತ್ರಿ ಶವರನ್ನು ಅದರಲ್ಲಿ ಮುಳುಗಿಸಿಟ್ಟೆ. ಬುಸಬುಸ ಅಂತ ಗುಳ್ಳೆ ಎದ್ದವು. ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಆಗಲೂ ಬಿಡದ ತೂತುಗಳಿಗೆ ಸೂಜಿ ಚುಚ್ಚಿದೆ. ಈಗ ಧಾರಾಳ ನೀರು. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಬೇಡ, ಕ್ರೋಮ್ ಹೊಳಪು ಹೋಗುತ್ತೆ.

ಮನೆ ಕೊಳ್ಳುವಾಗ ಖಾತಾ, ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ) ಎಲ್ಲ ನೋಡಿದ್ದೆ, ನಲ್ಲಿ ಮೂತಿ ನೋಡಿರಲಿಲ್ಲ! ಅಲ್ಲಿ ಬಿಳಿ ಪೊರೆ ಕಂಡರೆ, ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಪಕ್ಕದ ಮನೆಯವರನ್ನು ಕೇಳಿ, ಮಾರುವವರನ್ನಲ್ಲ.