ಕಡಾಯಿ ತಲೆಯ ಆರ್‌ಟೂ: ಕಾಲಿನಿಂದ ಶುರು ಮಾಡಿ

ಕಲಬುರಗಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಹಗಲೆಲ್ಲ ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುತ್ತೇನೆ. ರಾತ್ರಿ ಊಟ ಆದಮೇಲೆ ಕೂತು, ಎಂಟು ತಿಂಗಳಲ್ಲಿ ಸ್ಟಾರ್ ವಾರ್ಸ್ ಸಿನಿಮಾದ ಮೂರು ಕಾಲಿನ ಆರ್‌ಟೂ-ಡಿಟೂ ರೋಬೋಟ್ ಮಾಡಿದೆ. ಈಗ ಅದು ಪಡಸಾಲೆಯಲ್ಲಿ ಓಡಾಡುತ್ತದೆ, ತಲೆ ತಿರುಗಿಸುತ್ತದೆ, ಸೀಟಿ ಹೊಡೆಯುತ್ತದೆ. ನೀವು ಮಾಡುವುದಾದರೆ ಕಾಲಿನಿಂದ ಶುರು ಮಾಡಿ. ನಾನು ಆಸೆಗೆ ಬಿದ್ದು ತಲೆಯಿಂದ ಶುರು ಮಾಡಿ ಎರಡು ತಿಂಗಳು ಹಾಳು ಮಾಡಿಕೊಂಡೆ.

1977ರ ಮೊದಲ ಸಿನಿಮಾದವರನ್ನೂ ಕಾಡಿದ್ದು ಓಡಾಟವೇ. ಟ್ಯುನೀಷಿಯಾದ ಮರಳಿನಲ್ಲಿ ರಿಮೋಟ್ ರೋಬೋಟ್ ಪದೇ ಪದೇ ಕೈಕೊಡುತ್ತಿತ್ತು. ಎಷ್ಟೋ ಕಡೆ ಒಳಗೆ ಕೂತು ಅದನ್ನು ಆಡಿಸಿದ್ದು ಕೆನ್ನಿ ಬೇಕರ್ ಎಂಬ ಕುಳ್ಳ ನಟ. ನಮಗೆ ಕೆನ್ನಿ ಬೇಕರ್ ಸಿಗುವುದಿಲ್ಲ, ಅದಕ್ಕೇ ಮೋಟಾರ್.

ಗುಜರಿ ಅಂಗಡಿಯಲ್ಲಿ ಹಳೇ ಕಾರಿನ ವೈಪರ್ ಮೋಟಾರ್ ಎರಡು ತನ್ನಿ. ಎರಡೂ ಒಂದೇ ಮಾದರಿಯವಾಗಿರಲಿ. 12 ವೋಲ್ಟ್, ಒಳಗೇ ಗೇರ್, ಒಳ್ಳೆ ತಾಕತ್ತು. ಅದರಲ್ಲಿ ಜೋರಿಗೊಂದು, ನಿಧಾನಕ್ಕೊಂದು ತಂತಿ ಇರುತ್ತದೆ, ನಿಧಾನದ ತಂತಿಗೇ ಕರೆಂಟ್ ಕೊಡಿ. ಇಲ್ಲೊಂದು ಮೋಸ ಇದೆ. ಬಹಳಷ್ಟು ವೈಪರ್ ಮೋಟಾರಿನಲ್ಲಿ ಮೈನಸ್ ತಂತಿ ಒಳಗೇ ಮೋಟಾರಿನ ಲೋಹದ ಮೈಗೆ ಕೂಡಿರುತ್ತದೆ. ಕಾರಿನಲ್ಲಿ ಅದರಿಂದ ತೊಂದರೆ ಇಲ್ಲ, ಅಲ್ಲಿ ಅದು ಒಂದೇ ದಿಕ್ಕಿಗೆ ತಿರುಗುತ್ತದೆ. ನಾವು ಹಿಂದೆ-ಮುಂದೆ ಓಡಿಸಬೇಕು. ಆಗ ಆ ಮೈಗೂ ಪ್ಲಸ್ ಬರುತ್ತದೆ. ಎರಡನ್ನೂ ಒಂದೇ ಕಬ್ಬಿಣದ ಫ್ರೇಮಿಗೆ ಬೋಲ್ಟ್ ಮಾಡಿದರೆ ನೇರ ಶಾರ್ಟ್. ಇಪ್ಪತ್ತು ವರ್ಷ ಮೋಟಾರ್ ಬಿಚ್ಚಿದವನು ನಾನು, ಆದರೂ ಒಂದು ಡ್ರೈವರ್ (ಮೋಟಾರಿಗೆ ಕರೆಂಟ್ ಕೊಡುವ ಬೋರ್ಡ್) ಸುಟ್ಟೆ. ಫ್ರೇಮಿಗೆ 18 ಎಂಎಂ ಪ್ಲೈವುಡ್ ಹಾಕಿ, ಗೊಡವೆಯೇ ಇಲ್ಲ.

ಇನ್ನೊಂದು ವಿಷಯ. ಈ ಮೋಟಾರ್‌ಗಳು ಒಂದು ದಿಕ್ಕಿಗೆ ಜೋರು, ಇನ್ನೊಂದಕ್ಕೆ ಸ್ವಲ್ಪ ಮಂದ. ಎಡಗಾಲು, ಬಲಗಾಲಿನಲ್ಲಿ ಎದುರುಬದುರು ಕೂಡುವುದರಿಂದ ರೋಬೋಟ್ ಸೊಟ್ಟ ಹೋಗುತ್ತದೆ. ಪ್ರೋಗ್ರಾಮಿನಲ್ಲಿ ಜೋರಿನದಕ್ಕೆ 255ರ (ಅದೇ ಪೂರ್ತಿ ವೇಗ) ಬದಲು ಕಡಿಮೆ ಕೊಡುತ್ತಾ ಹೋಗಿ. ನನ್ನದು 218ಕ್ಕೆ ನೆಟ್ಟಗಾಯಿತು.

ಮೂರನೇ ಕಾಲಿಗೆ ಸುತ್ತ ತಿರುಗುವ ಚಕ್ರ ಸಾಕು, ಆದರೆ ಸಣ್ಣದು ಬೇಡ. ನಮ್ಮ ಕಡೆ ನೆಲವೆಲ್ಲ ಶಹಾಬಾದ್ ಕಲ್ಲು. ಒಂದಿಂಚಿನ ಚಕ್ರ ಸಂದಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಎರಡೂವರೆ ಇಂಚಿನ ರಬ್ಬರ್ ಚಕ್ರ ಹಾಕಿ. ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ ತೀರಾ ಕೆಳಗಿರಲಿ. ನಾನು ಮೊದಲು ಹೊಟ್ಟೆಯಲ್ಲಿಟ್ಟಿದ್ದೆ, ಹೊಸ್ತಿಲು ಹತ್ತುವಾಗ ಅಂಗಾತ ಬಿತ್ತು. ಬ್ಯಾಟರಿಯ ಪ್ಲಸ್ ತಂತಿಗೆ 15 ಆಂಪಿಯರ್ ಫ್ಯೂಸ್ ಬೇಕೇ ಬೇಕು.

ಮೋಟಾರ್ ಡ್ರೈವರ್ ಬಿಟಿಎಸ್7960, ಕಾಲಿಗೊಂದು. ಅಗ್ಗದ ಎಲ್298 ಈ ಭಾರಕ್ಕೆ ಸುಡುತ್ತದೆ. ಮೇಲೆ ಪ್ರೋಗ್ರಾಮ್ ನಡೆಸುವ ಪುಟ್ಟ ಬೋರ್ಡ್ ಆರ್ಡುಯಿನೋ, ಎಚ್‌ಸಿ-05 ಬ್ಲೂಟೂತ್, ಫೋನಿನಲ್ಲಿ ಆ್ಯಪ್. ಪ್ರೋಗ್ರಾಮಿನಲ್ಲಿ ಒಂದು ಸಾಲು ಮರೆಯಬೇಡಿ: ಅರ್ಧ ಸೆಕೆಂಡ್ ಸಿಗ್ನಲ್ ಬರದಿದ್ದರೆ ಮೋಟಾರ್ ನಿಲ್ಲಬೇಕು. ಓಡಿಸುವಾಗ ನನಗೊಂದು ಫೋನ್ ಬಂತು. ಆ್ಯಪ್ ಮುಚ್ಚಿಕೊಂಡಿತು, ರೋಬೋಟ್ ನಿಲ್ಲಲಿಲ್ಲ. ಸೀದಾ ಹೋಗಿ ಪಕ್ಕದ ಮನೆಯವರು ನಳದ ಮುಂದೆ ಸಾಲಾಗಿ ಇಟ್ಟಿದ್ದ ಕೊಡಗಳನ್ನು ಕೆಡವಿತು. ಆಮೇಲೆ ಕೊಡ ತುಂಬಿಸಿ ಕೊಟ್ಟವನು ನಾನೇ.

ಮೈ ಸುಲಭ. ಅಂಗಡಿ ಬೋರ್ಡ್ ಬರೆಯುವವರ ಹತ್ತಿರ ಹಗುರ ಪ್ಲಾಸ್ಟಿಕ್ ಹಲಗೆ, 3 ಎಂಎಂ ಸನ್‌ಬೋರ್ಡ್ ಸಿಗುತ್ತದೆ. 46 ಸೆಂಟಿಮೀಟರ್ ಅಗಲದ ದುಂಡಿಗೆ 145 ಸೆಂಟಿಮೀಟರ್ ಪಟ್ಟಿ ಕೊಯ್ದು, ಹಾಟ್ ಏರ್ ಗನ್ನಿನಿಂದ ಬಿಸಿ ಮಾಡುತ್ತಾ ಬಗ್ಗಿಸಿ. ಬಣ್ಣ ಒಣಗಲಿ ಎಂದು ಮೇ ತಿಂಗಳಲ್ಲಿ ಮಾಳಿಗೆ ಮೇಲಿಡಬೇಡಿ. ನಮ್ಮೂರ ಬಿಸಿಲು 42 ಡಿಗ್ರಿ ದಾಟುತ್ತದೆ. ಗ್ಲೂ ಗನ್ ಅಂಟೆಲ್ಲ ಜಾರಿತು, ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್ ಮಾಡಿಸಿದ ತುಣುಕುಗಳು ಹಪ್ಪಳದ ಹಾಗೆ ಡೊಂಕಾದವು.

ತಲೆಗೆ ಅಲ್ಯೂಮಿನಿಯಂ ಕಡಾಯಿ. ಸೂಪರ್ ಮಾರ್ಕೆಟ್ ಕಡೆ ಪಾತ್ರೆ ಅಂಗಡಿಗೆ ಟೇಪ್ ಹಿಡಿದು ಹೋದೆ. ಅಂಗಡಿಯ ಕಾಕಾ, "ಎಷ್ಟ್ ಮಂದಿಗಿ ಅಡಗಿ ಮಾಡೋದದರೀ?" ಎಂದರು. ಸುಮ್ನೆ ನಕ್ಕು, ಹಿಡಿ ಇಲ್ಲದ್ದು ಕೊಡಿ ಎಂದೆ. ಕಡಾಯಿ ಆರ್‌ಟೂನ ತಲೆಯಷ್ಟು ಎತ್ತರ ಇರುವುದಿಲ್ಲ, ಕೆಳಗೆ ನಾಲ್ಕು ಬೆರಳಿನ ಪಟ್ಟಿ ಕೂಡಿಸಿ. ಬ್ಲೂಟೂತ್ ಮಾತ್ರ ಇದರೊಳಗೆ ಇಡಬೇಡಿ, ಲೋಹ ಸಿಗ್ನಲ್ ತಡೆಯುತ್ತದೆ. ತಲೆಯ ದೀಪಗಳಿಗೆ ಒಳಗೇ ಬೇರೆ ಪವರ್ ಬ್ಯಾಂಕ್ ಕಟ್ಟಿ. ಇಲ್ಲದಿದ್ದರೆ ತಲೆ ಎರಡು ಸುತ್ತು ತಿರುಗಿದ ಕೂಡಲೇ ತಂತಿ ಹುರಿಯಾಗಿ ಕಿತ್ತು ಬರುತ್ತದೆ.

ದನಿಗೆ ಡಿಎಫ್‌ಪ್ಲೇಯರ್ ಮಿನಿ ಎಂಬ ದನಿ ನುಡಿಸುವ ಪುಟ್ಟ ಬೋರ್ಡ್, ಒಂದು ಮೆಮೊರಿ ಕಾರ್ಡ್, ಸಣ್ಣ ಸ್ಪೀಕರ್. ಸಿನಿಮಾದ ಸದ್ದುಗಳನ್ನು ಮಾಡಿದ ಬೆನ್ ಬರ್ಟ್ ತಮ್ಮ ಬಾಯಿಂದಲೇ ಮಗುವಿನಂತೆ ಸದ್ದು ಮಾಡಿ, ಅದಕ್ಕೆ ಸಿಂಥಸೈಸರ್ ಬೆರೆಸಿದ್ದರು. ನಾವೂ ಹಾಗೇ ಮಾಡಿದೆವು. ಮಗಳು ಬಾಯಲ್ಲಿ ಕುಂಯ್ ಕುಂಯ್ ಅಂದಳು, ನಾನು ಫೋನಿನಲ್ಲಿ ವೇಗ ಹೆಚ್ಚಿಸಿದೆ. ಕುಕ್ಕರ್ ಸೀಟಿಯನ್ನೂ ಸೇರಿಸಿದ್ದೆವು, ಅದನ್ನು ತೆಗೆಯಬೇಕಾಯಿತು. ರೋಬೋಟ್ ಕೂಗಿದಾಗಲೆಲ್ಲ ನಮ್ಮವ್ವ ಗ್ಯಾಸ್ ಆರಿಸಲು ಎದ್ದು ಹೋಗುತ್ತಿದ್ದಳು.