ಇಳಕಲ್ ಸೀರೆಯನ್ನು ಮೊಬೈಲ್‌ನಲ್ಲಿ ಮಾರುತ್ತಾ ಕಲಿತದ್ದು

ಇನ್‌ಸ್ಟಾಗ್ರಾಂನಲ್ಲಿ ಇಳಕಲ್ ಸೀರೆ ಮಾರುವ ಪೇಜ್‌ಗಳು ಬೇಕಾದಷ್ಟಿವೆ. ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳುವುದು ಒಂದೇ: "ದಿನಾ ಏನು ಹಾಕೋದು?" ಗಿರಾಕಿ ನಿನ್ನೆ ಏನು ಕೇಳಿದರೋ ಅದನ್ನು ಇವತ್ತು ತೋರಿಸಿ ಅಂತ ಹೇಳುತ್ತೇನೆ. ನನ್ನ ವ್ಯಾಪಾರ ಬೆಳೆದದ್ದೇ ಹಾಗೆ.

ಜಾಸ್ತಿ ಬರುವ ಪ್ರಶ್ನೆ "ಇದು ಕೈಮಗ್ಗದ್ದಾ, ಪವರ್‌ಲೂಮ್‌ದಾ?" ಎಂಬುದು. "ಅಪ್ಪಟ ಕೈಮಗ್ಗ" ಅಂತ ಎಲ್ಲರೂ ಬರೆಯುತ್ತಾರೆ, ಆ ಮಾತಿಗೆ ಈಗ ಬೆಲೆ ಇಲ್ಲ. ನಾನು ಕೊಂಡಿ ತೋರಿಸುತ್ತೇನೆ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಸಿಕ್ಕಿಸಿ ಕೊಂಡಿ ಹಾಕಿದ ಮೇಲೆಯೇ ನೇಯ್ಗೆ. ಹಾಗಾಗಿ ಒಂದು ಸಲ ಹಾಸು ಹೂಡಿದರೆ ಒಂದೇ ಸೀರೆ. ವಿಡಿಯೋದಲ್ಲಿ ಸೀರೆಯನ್ನು ತಿರುಗಿಸಿ, ಒಡಲು ಮುಗಿದು ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳು ಆಡಿಸುತ್ತೇನೆ. ಕ್ಯಾಮೆರಾ ಹತ್ತಿರ ಹೋದಂತೆ ಪುಟ್ಟ ಪುಟ್ಟ ಕೊಂಡಿಗಳ ಸಾಲು ಕಾಣುತ್ತದೆ. ಆಮೇಲೆ ಕೆಂಪು ಸೆರಗಿನ ಮೇಲೆ ತೋಪು ತೆನಿ ಎಂಬ ಬಿಳಿ ವಿನ್ಯಾಸ ತೋರಿಸುತ್ತೇನೆ. ಹಾಡು ಹಾಕುವುದಿಲ್ಲ, ಮಗ್ಗದ ಸದ್ದನ್ನೇ ಇಡುತ್ತೇನೆ. ನೇಕಾರರ ಕೈ ತೋರಿಸುವ ಮೊದಲು ಅವರನ್ನು ಕೇಳುತ್ತೇನೆ. ನನ್ನ ಪೇಜ್‌ನಲ್ಲಿ ಜನ ಅತಿ ಹೆಚ್ಚು ಶೇರ್ ಮಾಡಿದ್ದು ಇಂಥ ವಿಡಿಯೋಗಳನ್ನೇ. ಪವರ್‌ಲೂಮ್ ಸೀರೆಯನ್ನೂ ಮಾರುತ್ತೇನೆ, ಆದರೆ ಪವರ್‌ಲೂಮ್ ಅಂತಲೇ ಬರೆದು, ಅದರ ಬೆಲೆಗೆ. ಎರಡನ್ನೂ ಒಂದೇ ವಿಡಿಯೋದಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದರೆ ಕೈಮಗ್ಗಕ್ಕೆ ಯಾಕೆ ಅಷ್ಟು ದುಡ್ಡು ಅಂತ ನಾನು ವಿವರಿಸುವ ಕೆಲಸವೇ ಉಳಿಯುವುದಿಲ್ಲ.

ಬಣ್ಣದ್ದು ಇನ್ನೊಂದು ತಲೆನೋವು. ದಾಳಿಂಬೆ ಕೆಂಪು, ನವಿಲು ಹಸಿರು, ಗಿರಿ ಕುಂಕುಮ, ಇವೆಲ್ಲ ಟ್ಯೂಬ್‌ಲೈಟ್ ಕೆಳಗೆ ಬೇರೆಯದೇ ಬಣ್ಣವಾಗಿಬಿಡುತ್ತವೆ. ಬೆಳಗಿನ ಹೊತ್ತು ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಫೋಟೋ ತೆಗೆಯುತ್ತೇನೆ. ಫಿಲ್ಟರ್ ಮುಟ್ಟುವುದಿಲ್ಲ. ಸೀರೆ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡುತ್ತೇನೆ. ನೋಡುವವರ ಫೋನಿನಲ್ಲಿ ಹಾಳೆ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಅಷ್ಟೇ ವಾಲಿದೆ ಅಂತ ಅವರಿಗೇ ಗೊತ್ತಾಗುತ್ತದೆ. ಅಷ್ಟಾದರೂ ಅನುಮಾನ ಇದ್ದವರಿಗೆ ವಿಡಿಯೋ ಕಾಲ್‌ನಲ್ಲಿ ಅಂಗಳಕ್ಕೆ ತಂದು ತೋರಿಸುತ್ತೇನೆ.

ಬೆಲೆಯನ್ನು ಪೋಸ್ಟ್‌ನಲ್ಲೇ ಬರೆಯಿರಿ. "ಬೆಲೆಗೆ ಮೆಸೇಜ್ ಮಾಡಿ" ಅಂದರೆ ಅರ್ಧ ಜನ ಹಾಗೇ ಮುಂದೆ ಹೋಗುತ್ತಾರೆ, ಉಳಿದವರಿಗೆ ಒಬ್ಬೊಬ್ಬರಿಗೊಂದು ರೇಟ್ ಹೇಳುತ್ತಾರೇನೋ ಎಂಬ ಗುಮಾನಿ ಬರುತ್ತದೆ.

ಜನ ನನ್ನನ್ನು ಹುಡುಕಿ ಬರುವುದು ಇನ್‌ಸ್ಟಾಗ್ರಾಂನಿಂದ, ಆದರೆ ದುಡ್ಡು ಬರುವುದು ವಾಟ್ಸಾಪ್‌ನಿಂದ. ಬಿಸಿನೆಸ್ ಆ್ಯಪ್‌ನಲ್ಲಿ ಕ್ಯಾಟಲಾಗ್ ಮಾಡಿಟ್ಟಿದ್ದೇನೆ. ದೊಡ್ಡ ಗ್ರೂಪ್ ಮಾಡಲಿಲ್ಲ. ಗ್ರೂಪ್‌ನಲ್ಲಿ ಹೆಣ್ಣುಮಕ್ಕಳ ನಂಬರ್ ಗೊತ್ತಿಲ್ಲದವರ ಕೈಗೆ ಹೋಗುತ್ತದೆ, ಅದು ನನಗೆ ಸರಿ ಕಾಣಲಿಲ್ಲ. ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಲಿಸ್ಟ್ ಸಾಕು. ಒಂದು ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು, ಆದರೆ ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರದಿದ್ದರೆ ಮೆಸೇಜ್ ಮುಟ್ಟುವುದೇ ಇಲ್ಲ. ಅದಕ್ಕೇ ಪ್ರತಿ ಪಾರ್ಸೆಲ್‌ನಲ್ಲೂ ಒಂದು ಚೀಟಿ ಇಡುತ್ತೇನೆ: ಸೀರೆ ಒಗೆಯುವ ಬಗೆ, ಕೆಳಗೆ ನನ್ನ ನಂಬರ್, "ಸೇವ್ ಮಾಡಿಕೊಳ್ಳಿ" ಅಂತ ಒಂದು ಸಾಲು. ಗಿರಾಕಿಗಳ ಹೆಸರು, ಊರು, ತೆಗೆದುಕೊಂಡ ಸೀರೆ ಇವನ್ನೆಲ್ಲ ಪುಸ್ತಕದಲ್ಲೂ ಬರೆದಿಡುತ್ತೇನೆ. ನಾಳೆ ಅಕೌಂಟ್ ಲಾಕ್ ಆದರೆ ಫಾಲೋವರ್ಸ್ ಸಿಗುವುದಿಲ್ಲ, ಪುಸ್ತಕ ಇರುತ್ತದೆ, ಅಲ್ವಾ?

ದುಡ್ಡಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಪೇಮೆಂಟ್ ಸ್ಕ್ರೀನ್‌ಶಾಟ್ ನೋಡಿ ಸೀರೆ ಕಳಿಸುವುದಿಲ್ಲ, ಬ್ಯಾಂಕ್ ಖಾತೆ ತೆರೆದು ನೋಡುತ್ತೇನೆ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗಿಯೇ ಇಲ್ಲ, ಪಿನ್ ಹಾಕಿ ಅಂದವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ. ಪಾರ್ಸೆಲ್ ಕಟ್ಟುವಾಗ ಸೀರೆಯನ್ನು ಪೂರ್ತಿ ಬಿಡಿಸಿ ವಿಡಿಯೋ ಮಾಡಿ ಕಳಿಸುತ್ತೇನೆ. ಕಲೆ, ಹರಿದದ್ದು ಎಂಬ ತಕರಾರು ಇದರಿಂದ ಬಹಳ ಕಡಿಮೆ.

ಕಮೆಂಟ್‌ಗಳನ್ನು ಓದುತ್ತಾ ಸಿಕ್ಕ ದೊಡ್ಡ ಮಾರುಕಟ್ಟೆ ಮಹಾರಾಷ್ಟ್ರ. ಅಲ್ಲಿಯವರು ನಮ್ಮ ಸೀರೆಗೆ ಇರಕಲ್ ಅನ್ನುತ್ತಾರೆ. ಡಿಸೆಂಬರ್ ಬಂತೆಂದರೆ ಪುಣೆ, ಮುಂಬೈ, ಸೊಲ್ಲಾಪುರದಿಂದ "ಕಪ್ಪು ಇದೆಯಾ?" ಅಂತ ಶುರು. ನಮ್ಮಲ್ಲಿ ಹಬ್ಬಕ್ಕೆ ಕಪ್ಪು ಅಂದರೆ ಬಹಳ ಮಂದಿ ಹಿಂದೆ ಸರಿಯುತ್ತಾರೆ, ಅಲ್ಲಿ ಸಂಕ್ರಾಂತಿಗೆ ಕಪ್ಪನ್ನೇ ಉಡುತ್ತಾರೆ. ಕಪ್ಪು ಒಡಲಿನ ಚಂದ್ರಕಾಳಿ ಸೀರೆಗೆ ಆಗ ಎಲ್ಲಿಲ್ಲದ ಬೇಡಿಕೆ. ಅದರ ಜೊತೆ ಗುಳೇದಗುಡ್ಡದ ಖಣವನ್ನು (ರವಿಕೆ ಬಟ್ಟೆ) ಕುಬಸಕ್ಕೆ ಹೊಂದಿಸಿ ಒಟ್ಟಿಗೆ ಇಟ್ಟರೆ ಎರಡೂ ಹೋಗುತ್ತವೆ. ಡಿಸೆಂಬರ್‌ನಲ್ಲಿ ಹೇಳಿದರೆ ಮಗ್ಗದಿಂದ ಸೀರೆ ಸಮಯಕ್ಕೆ ಇಳಿಯುವುದಿಲ್ಲ. ಹಾಗಾಗಿ ದಸರಾ ಹೊತ್ತಿಗೇ ನೇಕಾರರಿಗೆ ಮುಂಗಡ ಕೊಟ್ಟು ಕಪ್ಪು ಒಡಲಿಗೆ ಹೇಳಿಬಿಡುತ್ತೇನೆ. ಈಗ ಒಂಬತ್ತು ಗಜದ್ದನ್ನೂ ಕೇಳುತ್ತಿದ್ದಾರೆ. ಅದನ್ನು ಉಡುವ ಬಗೆಯ ವಿಡಿಯೋಗೆ ಮರಾಠಿಯಲ್ಲಿ ಮಾತಾಡಬಲ್ಲ ಗೆಳತಿಯನ್ನು ಒಪ್ಪಿಸಿದ್ದೇನೆ.